ಚಪ್ಪಲಿ ಸಪ್ಪಳ

ಸಿಂಧನೂರಿನ ಬೆಳಗಿಗೆ ತೌಡಿನ ವಾಸನೆ. ರೈಸ್ ಮಿಲ್ಲಿನ ಚಿಮಣಿಯಿಂದ ಇಳಿದ ಬೂದಿ ರಾತ್ರಿ ಹೊರಗೆ ನಿಲ್ಲಿಸಿದ ಬೈಕಿನ ಸೀಟಿನ ಮೇಲೆ, ಹೂವಿನ ಬುಟ್ಟಿಗೆ ಮುಚ್ಚಿದ ಗೋಣಿತಟ್ಟಿನ ಮೇಲೆ, ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ತೆಳ್ಳಗೆ ಕೂತಿರುತ್ತದೆ. ಕೂಡುವ ಮೊದಲು ಎಲ್ಲರೂ ಟವೆಲ್ಲಿನಿಂದ ಒಮ್ಮೆ ಝಾಡಿಸುತ್ತಾರೆ. ತುಂಗಭದ್ರೆಯ ಎಡದಂಡೆ ನಾಲೆ ಈ ಸೀಮೆಗೆ ನೆಲ್ಲು ತಂದಿತು. ನೆಲ್ಲಿನ ಹಿಂದೆ ಟ್ರ್ಯಾಕ್ಟರು, ಟ್ರ್ಯಾಕ್ಟರಿನ ಹಿಂದೆ ಫೈನಾನ್ಸಿನವರು, ಅವರ ಬೆನ್ನಿಗೇ ರಸ್ತೆಯ ಎರಡೂ ಬದಿಗೆ ಬಣ್ಣದ ಲೈಟಿನ ಬಾರುಗಳು.

ಆರೂವರೆಗೆ ಒಗ್ಗರಣಿ-ಮಿರ್ಚಿ ಬಂಡಿಯ ಮುಂದೆ ಹತ್ತಾರು ಮಂದಿ. ಕಾಗದದ ಮೇಲೆ ಮಂಡಕ್ಕಿ, ಪಕ್ಕಕ್ಕೆ ಬಿಸಿ ಮಿರ್ಚಿ, ಗಾಜಿನ ಲೋಟದಲ್ಲಿ ಚಹಾ. ಬಂಡಿಯವನು ಒಬ್ಬನ ಕಡೆ ಸೌಟು ತೋರಿಸಿ, ತನ್ನ ಮಗನೇ ಪಾಸಾದವನಂತೆ ಹೇಳಿದ: “ಇವ ನೋಡ್ರೀ ಸರ. ಹದಿನಾಲ್ಕು ತಿಂಗಳಾತು, ಹನಿ ಮುಟ್ಟಿಲ್ಲ.”

ಟ್ರ್ಯಾಕ್ಟರ್ ಡ್ರೈವರ್. ನಲವತ್ತು ದಾಟಿರಬಹುದು. ಇಸ್ತ್ರಿ ಅಂಗಿ, ಹಣೆ ತುಂಬ ವಿಭೂತಿ, ಹೊಸದಾಗಿ ತಿದ್ದಿದ ಮೀಸೆ. ನಾನು ಕೇಳದೆಯೇ ತಿಂಗಳ ಲೆಕ್ಕವನ್ನು ದಿನದ ಲೆಕ್ಕಕ್ಕೆ ತಂದು ಹೇಳಿದ. ಏಳು ಮಂದಿಗೆ ತಾನೇ ಬಿಡಿಸಿದ್ದಾಗಿ ಹೇಳಿದ. ಯಾರ್‍ಯಾರ ಮನೆಯಲ್ಲಿ ಏನೇನು ಬುದ್ಧಿ ಹೇಳಿ ಬಂದೆ ಎಂಬುದನ್ನೂ ಹೇಳಿದ. ಮಾತು ನನ್ನ ಕೂಡ, ಕಣ್ಣು ಮಾತ್ರ ರಸ್ತೆಯಾಚೆ. ಅಲ್ಲಿ ಅರ್ಧ ಇಳಿಸಿದ ಷಟರಿನ ಪಕ್ಕದ ಸಂದಿಯಿಂದ ಒಬ್ಬ ಬಾಯಿ ಒರೆಸಿಕೊಳ್ಳುತ್ತ ಹೊರಬಂದ. ಡ್ರೈವರನ ಲೋಟದಲ್ಲಿ ಚಹಾ ಕೆನೆಗಟ್ಟಿತ್ತು.

ಹತ್ತರ ಹೊತ್ತಿಗೆ ಅವನ ಹೆಂಡತಿಯನ್ನು ಕಂಡೆ. ನಾಲೆಯ ಬದಿಯ ಒಂದು ಕ್ಯಾಂಪು. ಸಿಂಧನೂರು ಸುತ್ತ ಹಳ್ಳಿಗೆ ಹಳ್ಳಿ ಎನ್ನುವುದಕ್ಕಿಂತ ಕ್ಯಾಂಪ್ ಎನ್ನುವುದೇ ಹೆಚ್ಚು. ಆಂಧ್ರದಿಂದ ನೆಲ್ಲು ಬೆಳೆಯಲು ಬಂದು ನೆಲೆನಿಂತವರದು ಕೆಲವು, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪುಗಳು ಕೆಲವು. ಮೊಣಕಾಲುದ್ದ ಕೆಸರಿನಲ್ಲಿ ಹೆಂಗಸರ ಸಾಲು ಬಗ್ಗಿ ಸಸಿ ಹಚ್ಚುತ್ತ ಹಿಂದಕ್ಕೆ ಸರಿಯುತ್ತಿತ್ತು. ಬುತ್ತಿ ಬಿಚ್ಚುವ ಹೊತ್ತಿಗೆ ಬದುವಿನ ಮೇಲೆ ಕೂತು, ಸೀರೆಯ ನೆರಿಗೆ ಹಿಂಡುತ್ತ, ಆಕೆ ಅಂದಳು:

“ಇನ್ನಾ ಕುಡದಿಲ್ಲರೀ ಯಣ್ಣಾ. ಆದ್ರ ಸುರು ಆಗೈತಿ.”

ಈ ವಾಕ್ಯ ಕೇಳಿಯೇ ನಾನು ಈ ರಸ್ತೆಯಲ್ಲಿ ಮುಂದಿನ ಎರಡು ಊರಿಗೂ ಹೋದದ್ದು. ಬಿಟ್ಟವನು ಮತ್ತೆ ಕುಡಿದ ದಿನವನ್ನು ನಾವು ಮೊದಲ ಗ್ಲಾಸಿನಿಂದ ಎಣಿಸುತ್ತೇವೆ. ಮನೆಯವರು ಹಾಗೆ ಎಣಿಸುವುದಿಲ್ಲ. ಗ್ಲಾಸು ಬರುವುದಕ್ಕೆ ಎಷ್ಟೋ ವಾರ ಮೊದಲು ಮನುಷ್ಯನೇ ಬದಲಾಗಿರುತ್ತಾನೆ.

ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ ರೊಟ್ಟಿ ಮುರಿಯುತ್ತಲೇ ಹೇಳಿದಳು. ಮೊದಲು ನಿದ್ದೆ ಹೋಗುತ್ತದಂತೆ. ರಾತ್ರಿ ಎರಡಕ್ಕೆದ್ದು ಅಂಗಳದಲ್ಲಿ ಬೀಡಿ. ಆಮೇಲೆ ಪಲ್ಲೆಯಲ್ಲಿ ಉಪ್ಪು ಕಡಿಮೆ ಆಗುತ್ತದೆ, ಮರುದಿನ ಅದೇ ಪಲ್ಲೆಗೆ ಹೆಚ್ಚಾಗುತ್ತದೆ. ಮಕ್ಕಳ ಸಪ್ಪಳ ತಡೆಯುವುದಿಲ್ಲ. ಶನಿವಾರ ಹನುಮಪ್ಪನ ಗುಡಿಗೆ ಹೋಗುವುದು ತಪ್ಪುತ್ತದೆ. ವಿಭೂತಿ ಮಾತ್ರ ದಪ್ಪ ಆಗುತ್ತದೆ. ಇದನ್ನು ಹೇಳುವಾಗ ನಕ್ಕಳು. ಆಮೇಲೆ ಒಂದು ದಿನ ಸಿಟ್ಟೆಲ್ಲ ಇಳಿದು ಬೆಣ್ಣೆಯಂತಾಗುತ್ತಾನೆ. “ನೀ ಯಾಕ ಹೋಗ್ತಿ, ಸಂತಿ ನಾ ಮಾಡಿಕೆಂಡು ಬರ್ತೀನಿ” ಅನ್ನುತ್ತಾನೆ. ಅವಳಿಗೆ ಹೆದರಿಕೆ ಹುಟ್ಟಿಸುವುದು ಸಿಟ್ಟಲ್ಲ, ಈ ಬೆಣ್ಣೆ.

“ಕಡೀಕ ಚಪ್ಪಲಿ ಸಪ್ಪಳರೀ. ಬಿಟ್ಟಾಗ ನೆಲಕ್ಕ ಪೂರಾ ಕಾಲಿಟ್ಟು ಬರ್ತಾನ. ಸುರು ಆತಂದ್ರ ಬಾಗಲ ಹತ್ರ ಬಂದು ನಿಂತು, ಕೇಳಿಸಿಗೊಂಡು, ಆಮ್ಯಾಲೆ ಒಳಗ ಬರ್ತಾನ. ನನಗಿಂತ ಮೊದಲ ನಮ್ಮ ನಾಯಿಗಿ ತಿಳಿತೈತಿ. ಬಂಡಿ ಬುಡಕ ಹೊಕ್ಕಂಬಿಡತೈತಿ.”

ಇದು ಅವಳು ನೋಡುತ್ತಿರುವ ಮೂರನೇ ಸಲ. ಮದುವೆಯಾದ ಹೊಸದರಲ್ಲಿ ಕುಡಿದು ಬಂದರೆ ಅವನು ಹಾಡುತ್ತಿದ್ದನಂತೆ. ಮಕ್ಕಳಿಗೆ ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದ, ಎತ್ತಿಗೂ ಒಂದು ತಿನಿಸುತ್ತಿದ್ದ. ಎಂಟು ದಿನದ ಮದ್ಯವರ್ಜನ ಶಿಬಿರದಲ್ಲಿ ಕೂತು ಬಿಟ್ಟ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಾಡಿನುದ್ದಕ್ಕೂ ನಡೆಸುವ ಶಿಬಿರ ಅದು. ಭಜನೆ, ವ್ಯಾಯಾಮ, ಮನೆಯವರನ್ನು ಕರೆಸಿ ಎದುರುಬದುರು ಕೂಡಿಸುವುದು, ಮುಗಿದ ಮೇಲೆ ನವಜೀವನ ಸಮಿತಿ ಎಂಬ ಬಿಟ್ಟವರ ಕೂಟ. ಒಂದು ವರ್ಷದ ಮೇಲೆ ಮತ್ತೆ ಹತ್ತಿಕೊಂಡ. ಆಗ ಬಂದವನು ಹಾಡುವವನಲ್ಲ. ಒಬ್ಬನೇ ಕುಡಿಯುತ್ತಿದ್ದ, ಮಾತಿಲ್ಲದೆ. ಕ್ವಾರ್ಟರ್ ಬಾಟಲಿ ಟ್ರ್ಯಾಕ್ಟರಿನ ಟೂಲ್ ಬಾಕ್ಸಿನಲ್ಲಿ, ಟೆಟ್ರಾ ಪ್ಯಾಕು ಬಣವಿಯ ಸಂದಿಯಲ್ಲಿ.

“ಮೊದಲ ಮನಿಗೆ ಕುಡುಕ ಬರ್ತಿದ್ದ. ಎರಡನೇ ಸಲ ಕಳ್ಳ ಬರಾಕ ಹತ್ತಿದ.”

ಇದಕ್ಕಿಂತ ಚೊಕ್ಕವಾಗಿ ಹೇಳಿದವರನ್ನು ನಾನು ಕಂಡಿಲ್ಲ. ಬಿಡುವ ಮೊದಲು ಅವನ ಕುಡಿತಕ್ಕೆ ನಾಚಿಕೆ ಇರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಚಟ. ಬಿಟ್ಟು ನಾಲ್ಕು ಜನರ ಕೈಯಲ್ಲಿ ಶಾಲು ಹೊದಿಸಿಕೊಂಡ ಮೇಲೆ ಕುಡಿಯುವುದಿದೆಯಲ್ಲ, ಅದು ಬೇರೆಯೇ ಕುಡಿತ. ಅದರಲ್ಲಿ ಅಮಲಿಗಿಂತ ಅಡಗಿಸುವ ಕೆಲಸವೇ ದೊಡ್ಡದು. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ 1980ರ ದಶಕದಲ್ಲಿ ಹೇಳಿದ್ದೂ ಇದನ್ನೇ: ತಪ್ಪಿ ಕುಡಿದ ಒಂದು ಗುಟುಕು ಮನುಷ್ಯನನ್ನು ಕೆಡವುವುದಿಲ್ಲ, ‘ವ್ರತ ಮುರಿಯಿತು, ಇನ್ನು ನಾನು ಇಷ್ಟೇ’ ಎಂಬ ನಾಚಿಕೆ ಕೆಡವುತ್ತದೆ, ಆ ನಾಚಿಕೆಯನ್ನು ನುಂಗಲು ಎರಡನೆಯ ಗುಟುಕು. ಶಾಲು ಹೊದಿಸುವವರು ಇದನ್ನು ಸ್ವಲ್ಪ ಯೋಚಿಸಬೇಕು ಅನ್ನಿಸುತ್ತದೆ. ವೇದಿಕೆ ಎತ್ತರವಾದಷ್ಟೂ ಬೀಳುವ ಆಳ ಹೆಚ್ಚು.

ಹಾಗಾದರೆ ಈಗ ಅವನಿಗೆ ನೀವೇ ಹೇಳಬಾರದೆ ಎಂದೆ. “ಹೇಳಿದ್ರ, ನನ್ನ ಮ್ಯಾಲೆ ನಂಬಿಕಿಲ್ಲೇನು, ಹಂಗಂದ್ರ ಕುಡದ ಬಿಡ್ತೀನಿ ತಗಾ, ಅಂತಾನ” ಎಂದು ಬುತ್ತಿ ಕಟ್ಟಿದಳು. ಸಾಲು ಮತ್ತೆ ಕೆಸರಿಗಿಳಿಯಿತು.

ನಾಲೆಯ ಮೇಲೆ ನಿಂತಾಗ ಮುದುಕನೊಬ್ಬ, ಇದೆಲ್ಲ ಕೇಳಿಸಿಕೊಂಡಿದ್ದವನು, ಡ್ಯಾಮಿನ ಮಾತು ತೆಗೆದ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಹೊಸ ತಡೆ ಕೂರಿಸುವವರೆಗೆ ಒಂದು ವಾರ ಈ ಕಡೆ ಯಾರಿಗೂ ನಿದ್ದೆಯಿಲ್ಲ. “ಹರಿದಿದ್ದು ರಾತ್ರಿ ಅಂತ ಟಿ.ವಿ.ಯಾಗ ಬಂತು. ಸವದಿದ್ದು ಯಾವಾಗ?” ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಎಮ್ಮೆ ಹಿಂದೆ ಹೋದ.

*

ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು, ಮೂರೂ ಒಂದೇ ದಾರದಲ್ಲಿ ಪೋಣಿಸಿದ ಊರುಗಳು. ದಾರ ಎಂದರೆ ರಾಷ್ಟ್ರೀಯ ಹೆದ್ದಾರಿ 150ಎ. ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯದಂಗಡಿ ಇರಕೂಡದೆಂದು 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಮರುವರ್ಷವೇ ಪಟ್ಟಣಗಳ ಮಟ್ಟಿಗೆ ಅದು ಸಡಿಲವಾಯಿತು. ಅದಕ್ಕೂ ಮೊದಲು, 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತ್ತು. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಟೆಟ್ರಾ ಪ್ಯಾಕು ಬಂತು, ಹಳ್ಳಿಯ ಕಿರಾಣಿ ಅಂಗಡಿಯ ಸಕ್ಕರೆ ಡಬ್ಬಿಯ ಹಿಂದೆ ಕೂತಿತು. ರಾಯಚೂರು ಜಿಲ್ಲೆಯ ಹೆಂಗಸರು ಮದ್ಯ ನಿಷೇಧಕ್ಕಾಗಿ ಧರಣಿ ಕೂತು ಬೇಸತ್ತರು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಸಾವಿರಾರು ಹೆಂಗಸರಲ್ಲಿ ಅವರೂ ಇದ್ದರು. ಹತ್ತೊಂಬತ್ತಕ್ಕೆ ಹೊರಟು ಗಾಂಧಿ ತೀರಿದ ದಿನ, ಮೂವತ್ತಕ್ಕೆ ತಲುಪಿದರು. ಗಂಡನ ಚಪ್ಪಲಿ ಸಪ್ಪಳ ಆಲಿಸಿ ಆಲಿಸಿ ಸಾಕಾದವರು ತಮ್ಮ ಚಪ್ಪಲಿ ಸವೆಸಿದ್ದರು.

ಬಸ್ಸಿನಲ್ಲಿ ಕಂಡಕ್ಟರ್ ಈ ಸೀಮೆಯ ಪಂಚಾಂಗವನ್ನೇ ಬಿಚ್ಚಿದ. ಶ್ರಾವಣದಲ್ಲಿ ಅರ್ಧ ಊರು ಬಿಡುತ್ತದೆ, ಅಮಾವಾಸ್ಯೆ ಮರುದಿನ ಹಿಡಿಯುತ್ತದೆ. ಅಯ್ಯಪ್ಪನ ಮಾಲೆ ಹಾಕಿದರೆ ನಲವತ್ತೊಂದು ದಿನ ಬಿಟ್ಟಂತೆ. ಕಪ್ಪು ಲುಂಗಿ, ಬರಿಗಾಲು, ಮನೆಯಲ್ಲಿ ಹೆಂಡತಿಗೂ ‘ಸ್ವಾಮಿ’. ಮಾಲೆ ತೆಗೆದ ಸಂಜೆ ಕೆಲವರು ಬಸ್‌ಸ್ಟ್ಯಾಂಡಿನಿಂದ ಮನೆಗೆ ಹೋಗುವುದಿಲ್ಲ. ಮುದಗಲ್ಲಿನ ಮೊಹರಂ ದೊಡ್ಡದು, ಅಲಾಯಿ ಕುಣಿಯ ಮುಂದೆ ಕುಣಿಯುವ ನೆಪದಲ್ಲಿ ಜಾರುವವರೂ ಇದ್ದಾರೆ. “ದಿನ ಗೊತ್ತಿದ್ದು ಬಿಟ್ಟವರು ದಿನ ಗೊತ್ತಿದ್ದು ಹಿಡೀತಾರ್ರೀ” ಎಂದ. ನಲವತ್ತೊಂದು ದಿನವೂ ಮನಸ್ಸು ನಲವತ್ತೆರಡನೆಯ ದಿನದಲ್ಲೇ ಕೂತಿದ್ದರೆ ಅದನ್ನು ಬಿಟ್ಟದ್ದು ಎನ್ನುವುದು ಕಷ್ಟ. ಆದರೂ ಆ ಮನೆಯ ಮಕ್ಕಳಿಗೆ ನಲವತ್ತೊಂದು ದಿನ ನೆಮ್ಮದಿಯ ಊಟ. ಅದನ್ನು ಹಗುರ ಮಾಡಲು ನನಗೆ ಮನಸ್ಸಿಲ್ಲ.

ಮಸ್ಕಿಯಲ್ಲಿ ಇಳಿದೆ. ಕೆಲವು ವರ್ಷಗಳ ಹಿಂದೆ ತಾಲ್ಲೂಕು ಆದ ಊರಿಗೆ ಇರುವ ಗಡಿಬಿಡಿ: ಹೊಸ ಬೋರ್ಡಿನ ಕಚೇರಿಗಳು, ಹಳೆಯ ಹಳ್ಳ, ಮೇಲೆ ಮಲ್ಲಿಕಾರ್ಜುನನ ಬೆಟ್ಟ. ಬೆಟ್ಟದ ಬಂಡೆಗಳ ನಡುವೆ ಅಶೋಕನ ಶಾಸನ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಬಂದು ಕಂಡದ್ದು. ಅಲ್ಲಿಯವರೆಗೆ ‘ದೇವಾನಾಂಪ್ರಿಯ’ ಯಾರು ಎಂಬುದು ಊಹೆ. ಈ ಬಂಡೆಯಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು. ಶಾಲೆಯ ಮಕ್ಕಳಿಗೆ ಇಷ್ಟು ಗೊತ್ತು. ಬಂಡೆಯಲ್ಲಿ ಅವನು ಏನು ಹೇಳಿಕೊಂಡಿದ್ದಾನೆ ಎಂಬುದು ಅಷ್ಟಾಗಿ ಮಾತಿಗೆ ಬರುವುದಿಲ್ಲ. ತಾನು ಬುದ್ಧನ ಕಡೆಯವನಾಗಿ ಎರಡೂವರೆ ವರ್ಷ ದಾಟಿತು, ಸಂಘಕ್ಕೆ ಹೋಗಿ ನಿಜವಾಗಿ ಶ್ರಮಪಟ್ಟದ್ದು ಒಂದು ವರ್ಷದ ಮೇಲೆ ಚಿಲ್ಲರೆಯಷ್ಟೇ ಎನ್ನುತ್ತಾನೆ. ಇದೇ ಶಾಸನದ ಬ್ರಹ್ಮಗಿರಿ ಪಾಠದಲ್ಲಿ ಇನ್ನೂ ಬಿಚ್ಚಿ ಹೇಳಿದ್ದಾನೆ: ಮೊದಲ ಒಂದು ವರ್ಷ ತಾನು ಹೆಚ್ಚೇನೂ ಪ್ರಯತ್ನಪಡಲಿಲ್ಲ ಎಂದು. ಜೊತೆಗೆ, ಇದು ದೊಡ್ಡವರಿಗೆ ಮಾತ್ರ ಆಗುವ ಕೆಲಸವಲ್ಲ, ಸಣ್ಣವನಿಗೂ ಸಾಧ್ಯ ಎಂದೂ ಸಾರಿಸುತ್ತಾನೆ.

ಸಾಮ್ರಾಟನೊಬ್ಬ ‘ಬಿಟ್ಟೆ ಎಂದು ಹೇಳಿದ ಮೊದಲ ವರ್ಷ ನಾನು ಅರ್ಧಂಬರ್ಧ ಇದ್ದೆ’ ಎಂದು ಕಲ್ಲಿನಲ್ಲಿ ಕೊರೆಸಿದ್ದು ನನಗೆ ಆ ಬಿಸಿಲಿನಲ್ಲಿ ಬಹಳ ಹಿಡಿಸಿತು. ಶಾಲು ಹೊದ್ದ ನಮ್ಮ ಡ್ರೈವರನಿಗೆ ಇಷ್ಟು ಹೇಳಿಕೊಳ್ಳಲು ಒಂದು ಬಂಡೆ ಇಲ್ಲ. ಬಂಡಿಯವನ ಮುಂದೆ ಹೇಳಿದರೆ ಮರ್ಯಾದೆ ಹೋಗುತ್ತದೆ, ಹೆಂಡತಿಯ ಮುಂದೆ ಹೇಳಿದರೆ ಅಳುತ್ತಾಳೆ. ಇನ್ನು ಸಮಿತಿಯಲ್ಲಿ ಹೇಳೋಣವೆಂದರೆ ಅಲ್ಲಿ ಅವನು ಏಳು ಮಂದಿಗೆ ಬಿಡಿಸಿದವನು. ಅಶೋಕನ ಲೆಕ್ಕದಲ್ಲಿ ಶ್ರಮ ಶುರುವಾದದ್ದು ಸಂಘಕ್ಕೆ ಹೋದ ಮೇಲೆ. ಡ್ರೈವರ್ ಸಮಿತಿಯ ಕೂಟಕ್ಕೆ ಹೋಗುವುದು ಬಿಟ್ಟು ಮೂರು ತಿಂಗಳಾಗಿತ್ತು. ಇದನ್ನೂ ಅವನ ಹೆಂಡತಿಯೇ ಹೇಳಿದ್ದು.

*

ಲಿಂಗಸುಗೂರು ಒಂದು ಕಾಲಕ್ಕೆ ಬ್ರಿಟಿಷರ ದಂಡಿನ ಊರು. ಹಳಬರ ಬಾಯಲ್ಲಿ ಇನ್ನೂ ‘ಛಾವಣಿ’. ಒಂದು ಕಡೆಗೆ ಹೋದರೆ ಹಟ್ಟಿಯ ಚಿನ್ನದ ಗಣಿ, ಇನ್ನೊಂದು ಕಡೆಗೆ ಮುದಗಲ್ ಕೋಟೆ, ಅದನ್ನು ದಾಟಿದರೆ ಇಳಕಲ್. ಇಳಕಲ್ಲಿನ ವಿಜಯ ಮಹಾಂತೇಶ ಮಠದ ಶಾಖೆ ಈ ಊರಲ್ಲೂ ಇದೆ. ಆ ಮಠದ ಮಹಾಂತ ಶಿವಯೋಗಿಗಳು 1975ರಿಂದ ಹೆಗಲಿಗೆ ಜೋಳಿಗೆ ಹಾಕಿ ಮನೆಮನೆಗೆ ಹೋದರು. ಬೇಡಿದ್ದು ಜೋಳವಲ್ಲ, ಚಟ. ಜನ ಬೀಡಿ ಕಟ್ಟು, ಗುಟ್ಕಾ ಚೀಟಿ, ಬಾಟಲಿ ತಂದು ಹಾಕಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.

ಜೋಳಿಗೆಗೆ ಎರಡು ಸಲ ಹಾಕಿ ಎರಡು ಸಲವೂ ಮರಳಿ ಹಿಡಿದವನೊಬ್ಬನ ಮುಂದೆ ಕೂತಿದ್ದೆ. ದರ್ಜಿ. ಹೊಲಿಗೆ ಮಿಷನ್ನಿನ ಮೇಲೆ ಅದೇ ಶಿವಯೋಗಿಗಳ ಫೋಟೋ, ಕೆಳಗೆ ಊದಿನಕಡ್ಡಿಯ ಬೂದಿ. ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ಪ್ರಯತ್ನಿಸಿ, ಕೈ ನಡುಗಿ, ಪಕ್ಕದ ಹುಡುಗನಿಗೆ ಕೊಟ್ಟ. “ಒಂದು ನೈಂಟಿ ಹೊಕ್ಕರ ಈ ಕೈ ಕಲ್ಲಾಗ್ತೈತ್ರೀ” ಎಂದ. ಹೆಮ್ಮೆಯೂ ಇಲ್ಲ, ದುಃಖವೂ ಇಲ್ಲ, ಬಟ್ಟೆಯ ಅಳತೆ ಹೇಳಿದಂತೆ.

ಅವನಲ್ಲಿ ಬದಲಾದದ್ದು ಬೇರೆ. ಮೊದಲು ಹೆಂಡತಿಯ ಮಾತು ದಾಟದವನು ಎರಡನೆಯ ಸಲ ಕುಡಿಯಲು ತೊಡಗಿದ ಮೇಲೆ ಅವಳ ಮೇಲೆಯೇ ಸಂಶಯಪಡಲು ಹತ್ತಿದ. ನೀರಿಗೆ ಹೋದರೆ ಯಾರ ಜೊತೆ, ಫೋನು ಬಂದರೆ ಯಾರದು. ಒಂದು ದಿನ ಅವಳ ಕುಪ್ಪಸದ ಹೊಲಿಗೆ ನೋಡಿ ಇದು ತನ್ನ ಕೈಯ ಹೊಲಿಗೆಯಲ್ಲ, ಯಾರ ಹತ್ತಿರ ಹೊಲಿಸಿದೆ ಎಂದು ಬಡಿದ. ಹೊಲಿದವನು ಅವನೇ, ಕೈ ನಡುಗುವ ದಿನ ಹೊಲಿದದ್ದು, ಗುರುತು ಹತ್ತಿರಲಿಲ್ಲ. ಅವಳು ತವರಿಗೆ ಹೋಗಿ ಮೂರು ತಿಂಗಳು. ಇದನ್ನು ಅವನೇ ನನಗೆ ಹೇಳಿ, ಹೇಳಿದ ಮೇಲೆ ಬಹಳ ಹೊತ್ತು ಮಿಷನ್ನಿನ ಗಾಲಿಯನ್ನು ಸುಮ್ಮನೆ ತಿರುಗಿಸಿದ.

ಗುಣ ಹೋಯಿತು, ಹುಟ್ಟುಗುಣ ಹೊರಬಿತ್ತು ಎಂದು ನೆರೆಯವರು ಆಡಿಕೊಳ್ಳುತ್ತಾರೆ. ವೈದ್ಯರ ಲೆಕ್ಕ ಬೇರೆ. ವರ್ಷಗಟ್ಟಲೆ ಕುಡಿದ ಮಿದುಳು ಮದ್ಯವನ್ನು ಸೇರಿಸಿಕೊಂಡೇ ತನ್ನ ತಕ್ಕಡಿಯನ್ನು ಹೊಂದಿಸಿರುತ್ತದೆ. ತಟ್ಟನೆ ತೆಗೆದರೆ ತಕ್ಕಡಿ ಜೋಲಿ ಹೊಡೆಯುತ್ತದೆ. ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಗೋಡೆಯ ಮೇಲೆ ಹುಳ ಹರಿದಂತೆ, ಯಾರೋ ಕರೆದಂತೆ ಆಗುತ್ತದೆ. ಇದನ್ನೇ ಹಳ್ಳಿಯಲ್ಲಿ ಗಾಳಿ ಸೋಕಿತೆಂದು ಬೇವಿನ ತಪ್ಪಲಿನಿಂದ ಹೊಡೆಯುವುದು. ಜೀವಕ್ಕೇ ಎರವಾಗುವ ಹೊತ್ತು ಅದು, ಆಸ್ಪತ್ರೆಯಲ್ಲಿ ಕಳೆಯಬೇಕಾದ್ದು. ಅಷ್ಟು ದಾಟಿದರೂ ನಿದ್ದೆ, ಸಿಟ್ಟು, ಯಾವುದರಲ್ಲೂ ರುಚಿ ಹತ್ತದ ಬೇಸರ ತಿಂಗಳುಗಟ್ಟಲೆ ಉಳಿಯುತ್ತವೆ. ಪಲ್ಲೆಯ ಉಪ್ಪು ದಿನಕ್ಕೊಂದು ಬಗೆಯಾಗುವುದು ಆಗಲೇ. ತಡೆದುಕೊಳ್ಳುವ, ಮುಂದಿನದನ್ನು ನೋಡುವ ಮಿದುಳಿನ ಮುಂಭಾಗ ಇನ್ನೂ ಚೇತರಿಸಿಕೊಳ್ಳುತ್ತಿರುವಾಗಲೇ ಮತ್ತೆ ಕುಡಿದರೆ, ಹಳೆಯ ಪ್ರಮಾಣಕ್ಕೆ ಮರಳಲು ಹಿಂದಿನಷ್ಟು ವರ್ಷ ಬೇಕಾಗುವುದಿಲ್ಲ. ಬಿಟ್ಟು ಹಿಡಿದು ಮಾಡಿದಷ್ಟೂ ಮುಂದಿನ ಸಲದ ನಡುಕ ಹೆಚ್ಚು. ಹೆಂಡತಿಯ ಮೇಲಿನ ಸಂಶಯವೂ ಈ ರೋಗದ ಜೊತೆಗೆ ಬರುವುದಾಗಿ ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಹಾಗೆಂದು ಬಡಿಸಿಕೊಂಡವಳಿಗೆ ‘ಅದು ರೋಗ, ತಾಳಿಕೋ’ ಎನ್ನಲು ನನಗೆ ಬಾಯಿ ಬಾರದು. ಅವಳು ತವರಿಗೆ ಹೋದದ್ದೇ ಸರಿ.

ದರ್ಜಿಯ ತಾಯಿ ಒಳಗಿನಿಂದ ಒಂದು ಗುಳಿಗೆಯ ಪಟ್ಟಿ ತಂದು ತೋರಿಸಿದಳು. ಯಾರೋ ಕೊಟ್ಟದ್ದಂತೆ, ಅವನಿಗೆ ಗೊತ್ತಾಗದಂತೆ ಸಾರಿನಲ್ಲಿ ಕಲಸಬೇಕಂತೆ. ಡೈಸಲ್ಫಿರಾಮ್. ಅದು ಹೊಟ್ಟೆಯಲ್ಲಿದ್ದಾಗ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಕೆಲವೊಮ್ಮೆ ಪ್ರಾಣಕ್ಕೂ ಕುತ್ತು. ತಿಳಿದು, ಒಪ್ಪಿ, ವೈದ್ಯರ ಕಣ್ಣಳತೆಯಲ್ಲಿ ತಗೊಂಡರೆ ಔಷಧ. ಸಾರಿನಲ್ಲಿ ಕದ್ದು ಹಾಕಿದರೆ ವಿಷ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಎಂದು ಮಂಗಳವಾರ ಮಾನಸಿಕ ತಜ್ಞರು ಕೂಡುವ ಏರ್ಪಾಡಿದೆ, 14416ಕ್ಕೆ ಫೋನ್ ಮಾಡಿದರೆ ಟೆಲಿ ಮನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ ಎಂದು ಬರೆದು ಕೊಟ್ಟೆ. ಮುದುಕಿ ಚೀಟಿಯನ್ನು ಓದದೆ ಫೋಟೋದ ಚೌಕಟ್ಟಿಗೆ ಸಿಕ್ಕಿಸಿದಳು. “ಆವಾಗ ಜೋಳಿಗಿ ಮನಿ ಬಾಗಲಿಗೆ ಬರ್ತಿತ್ತು ಯಪ್ಪಾ” ಎಂದಳು.

*

ಸಿಂಧನೂರಿಗೆ ಮರಳಿದಾಗ ಕತ್ತಲು. ಮಿಲ್ಲಿನ ಗೇಟಿನ ಬಳಿ ಒಬ್ಬ ಮಾಜಿ ಹಮಾಲ ತೌಡಿನ ಚೀಲಗಳಿಗೆ ಒರಗಿ ಕೂತಿದ್ದ. ನನ್ನನ್ನು ಕಂಡದ್ದೇ, “ನಿನ್ನೆ ನಿಮ್ಮ ತಮ್ಮನ ಲಗ್ನದಾಗ ಊಟ ಚಲೋ ಇತ್ತು” ಎಂದ. ನನಗೆ ತಮ್ಮನಿಲ್ಲ. ಹುಗ್ಗಿ, ಬದನೆಕಾಯಿ ಪಲ್ಲೆ, ಪಂಕ್ತಿಯಲ್ಲಿ ಯಾರ ಪಕ್ಕ ಕೂತಿದ್ದೆ ಎಂಬುದೆಲ್ಲ ವಿವರವಾಗಿ ಹೇಳಿದ. ಸುಳ್ಳಲ್ಲ ಅದು. ಊಟ ಬಿಟ್ಟು ಕುಡಿಯುವವರಿಗೆ ಬಿ1 ಜೀವಸತ್ವ ಬತ್ತಿ ನೆನಪಿನಲ್ಲಿ ತೂತು ಬೀಳುತ್ತದೆ, ಮನಸ್ಸು ಆ ತೂತಿಗೆ ತೇಪೆ ಹಾಕುತ್ತದೆ. ಹಾಕಿದವನಿಗೇ ಅದು ತೇಪೆ ಎಂದು ತಿಳಿಯದು. ಅಕ್ಕಿಯನ್ನು ಬೆಳ್ಳಗೆ ಮಾಡಿದಾಗ ಬಿ1 ಹೋಗುವುದು ತೌಡಿನ ಜೊತೆಗೆ. ಅವನು ಆಯುಷ್ಯವಿಡೀ ಹೊತ್ತದ್ದು ಅದನ್ನೇ, ಈಗ ಒರಗಿ ಕೂತದ್ದೂ ಅದಕ್ಕೇ. ಊಟ ಚಲೋ ಇತ್ತು ಎಂದು ನಾನೂ ಒಪ್ಪಿದೆ.

ಕ್ಯಾಂಪಿನ ಮನೆಯಲ್ಲಿ ಡ್ರೈವರನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಫೋನು ಮರೆತು ಹೋಗಿದ್ದೆ, ತರಲು ಬಂದೆ ಎಂಬುದು ನೆಪ, ಅವಳಿಗೂ ಗೊತ್ತಿತ್ತು. ಮಕ್ಕಳು ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದವು, ಪುಟ ಮಗುಚುತ್ತಿರಲಿಲ್ಲ. ನಾಯಿ ಹೊಸ್ತಿಲ ಮೇಲೆ. ಎಷ್ಟು ರೊಟ್ಟಿ ಎಂದು ಕೇಳಿದೆ, ಸುಮ್ಮನೆ ಮಾತಿಗೆ. “ಬಿಟ್ಟಿದ್ರ ನಾಕು ಉಣ್ತಾನ, ಇಲ್ಲಂದ್ರ ಒಂದು. ಮೂರು ಮಾಡಾಕ ಹತ್ತೀನಿ” ಎಂದಳು.

ಬದುವಿನ ಕಡೆಯಿಂದ ಚಪ್ಪಲಿ ಸಪ್ಪಳ ಬಂತು. ಅವಳ ಕೈ ಕೊಣವಿಗೆಯ ಮೇಲೆ ನಿಂತಿತು. ನಾಯಿ ಎದ್ದು ಕಿವಿ ನೆಟ್ಟಗೆ ಮಾಡಿತು. ಬಾಲ ಅಲ್ಲಾಡಿಸಲಿಲ್ಲ, ಬಂಡಿ ಬುಡಕ್ಕೂ ಹೋಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಒಂದು ಕಡೆ ಹೊತ್ತಿದ ವಾಸನೆ ಬಂದಾಗ ಅವಳು ಬಗ್ಗಿ ಅದನ್ನು ತಿರುವಿ ಹಾಕಿದಳು.